ಸಾಹೇಬರಿಗೆ ಕುಡಿಸಿದ ಎರಡನೇ ಚಹಾ

ಈ ಸಂಗತಿ ಬರೆಯಲು ಕೂತಾಗಲೆಲ್ಲ ನನಗೆ ಬೇರೇನೋ ಕೆಲಸ ನೆನಪಾಗುತ್ತಿತ್ತು. ಹಾಗಾಗಿ ಮನೆಯ ಹರಿದ ಕೊಡೆಗಳೆಲ್ಲ ರಿಪೇರಿಯಾಗಿವೆ, ಹಿತ್ತಲು ಸ್ವಚ್ಛವಾಗಿದೆ. ಪಾಪ ಮಾತ್ರ ಹಾಗೇ ಉಳಿದಿದೆ.

ಎಪ್ಪತ್ತರ ದಶಕದಲ್ಲಿ ನಾನು ಸವದತ್ತಿ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಓದಿದ್ದು ಮ್ಯಾಟ್ರಿಕ್, ಕೊರಳಲ್ಲಿ ಸೀಟಿ. ಅದನ್ನು ಊದಿದರೆ ಮೈದಾನದಲ್ಲಿ ಮೇಯುವ ಎಮ್ಮೆಗಳೂ ಸಾಲಾಗಿ ನಿಲ್ಲುತ್ತಿದ್ದವು. ಒಂದು ವರ್ಷ ಆಟದ ಪಿರಿಯಡ್ಡಿಗೆ ಯೋಗವನ್ನೂ ಸೇರಿಸಿ, ಮುರಗೋಡದಿಂದ ಒಬ್ಬ ತೆಳ್ಳನೆಯ ಮಾಸ್ತರರನ್ನು ಹಂಗಾಮಿಯಾಗಿ ಕರೆತಂದರು. ಇಲಾಖೆಯ ಸಾಹೇಬರು ಬಂದು ನೋಡಿ ಮೆಚ್ಚಿದರೆ ಕೆಲಸ ಕಾಯಂ. ಮಾಸ್ತರರ ಬಳಿ ಸೀಟಿಯೇ ಇರಲಿಲ್ಲ. ಮೆಲ್ಲಗೆ "ಉಸಿರು ತಗೋರಿ" ಎಂದರೆ ಸಾಕು, ನನಗೆ ಬಗ್ಗದ ಪುಂಡರೂ ತಗೊಳ್ಳುತ್ತಿದ್ದರು. ಅವರ ಪ್ರಾಣಾಯಾಮದಿಂದ ನನ್ನ ಕಬಡ್ಡಿ ಹುಡುಗರು ಒಂದೇ ಉಸಿರಿಗೆ ಎದುರಾಳಿಗಳ ಅಂಗಳವನ್ನೆಲ್ಲ ಸುತ್ತಿ ಬರತೊಡಗಿದರು. ಯರಗಟ್ಟಿಯಲ್ಲಿ ಗೆದ್ದೂ ಬಂದರು. "ಯೋಗದ ಮಾಸ್ತರು ದಮ್ಮು ತುಂಬ್ಯಾರ ಬಿಡ್ರಿ" ಎಂದು ಹೆಡ್‌ಮಾಸ್ತರರು ನನ್ನೆದುರೇ ಹೊಗಳಿದರು. ಮನೆಗೆ ಬಂದರೆ ಹೆಂಡತಿ, "ನೀವೂ ಅವ್ರ ಕಡೆ ಸ್ವಲ್ಪ ಕಲೀರಲ್ಲ, ಹೊಟ್ಟಿ ಕರಗತೈತಿ" ಎಂದಳು. ಹೊಟ್ಟೆ ಕರಗಲಿಲ್ಲ, ಉರಿಯಿತು.

ಸಾಹೇಬರು ಬರುವ ದಿನ ಮಾಸ್ತರರು ನನ್ನ ಕೈ ಹಿಡಿದು, "ಸರ್, ಸಾಹೇಬ್ರನ್ನ ಸುರುವಿಗೇ ಕರ್ಕೊಂಡ ಬರ್ರಿ. ಕಡೀಕ ಬಂದ್ರ ಎಲ್ಲಾರೂ ಶವಾಸನದಾಗ ಮಲಗಿರ್ತೇವಿ" ಎಂದರು. ಆಗಲ್ರಿ ಎಂದೆ. ಸಾಹೇಬರಿಗೆ ಚಹಾ ಕೊಟ್ಟೆ, ಚೂಡಾ ಕೊಟ್ಟೆ. "ಇನ್ನೊಂದು ಚಹಾ ತಗೋರಿ ಸಾಹೇಬ್ರ, ಮನಿ ಎಮ್ಮಿ ಹಾಲಿಂದು" ಎಂದು ಬೀಗರಿಗೂ ಮಾಡದ ಉಪಚಾರ ಮಾಡಿದೆ. ಮೈದಾನಕ್ಕೆ ಹೋದಾಗ ಹುಡುಗರೆಲ್ಲ ಅಂಗಾತ ಬಿದ್ದಿದ್ದರು. ಅವರ ಮುಂದೆ ಮಾಸ್ತರರೂ ಕಣ್ಣು ಮುಚ್ಚಿದ್ದರು. ಒಬ್ಬನಂತೂ ಗೊರಕೆ ಹೊಡೆಯುತ್ತಿದ್ದ.

"ಏನ್ರಿ ಇದು, ಸಾಲಿ ಐತೋ ಧರ್ಮಶಾಲಿ ಐತೋ?" ಎಂದರು ಸಾಹೇಬರು.

ಇದೂ ಒಂದು ಆಸನ ಎಂದು ನಾನು ಹೇಳಬಹುದಿತ್ತು. ಸೀಟಿ ಊದಿದೆ. ಹುಡುಗರು ಗಾಬರಿಬಿದ್ದು ಎದ್ದರು. "ನೀವು ಅದೀರಿ ಅಂತ ಇಷ್ಟರ ಶಿಸ್ತು ಐತಿ" ಎಂದು ಸಾಹೇಬರು ನನ್ನ ಬೆನ್ನು ತಟ್ಟಿದರು.

ಮಾಸ್ತರರ ಕೆಲಸ ಹೋಯಿತು. ಬಸ್ಸು ಹತ್ತುವಾಗ ಅವರು ನನಗೆ ಕೈಮುಗಿದು, "ಸಾಹೇಬ್ರು ಮೈದಾನಕ್ಕ ಬರದ ಹೊಂಟಿದ್ರಂತ, ನೀವ ಚಹಾದ ಮ್ಯಾಲ ತಡದು ಕರ್ಕೊಂಡ ಬಂದ್ರಂತ. ಯಾರ್ ಮಾಡ್ತಾರ ಸರ್ ಇಷ್ಟು?" ಎಂದರು.

"ಅದೇನ್ ದೊಡ್ಡದಲ್ಲ ಬಿಡ್ರಿ" ಎಂದೆ. ಆ ಉಪಕಾರವನ್ನೂ ನನ್ನ ಲೆಕ್ಕಕ್ಕೇ ಹಾಕಿಕೊಂಡೆ.

ಮರುವರ್ಷ ನನ್ನ ಕಬಡ್ಡಿ ಹುಡುಗರಿಗೆ ಅಂಗಳದ ನಡುವೆಯೇ ದಮ್ಮು ಹತ್ತಿತು. ಎಷ್ಟು ಸೀಟಿ ಊದಿದರೂ ಅವರಲ್ಲಿ ಉಸಿರು ತುಂಬಲಿಲ್ಲ.

ಈಗ ನನ್ನ ಬಿ.ಪಿ.ಗೆ ಡಾಕ್ಟರರು ಶವಾಸನ ಹೇಳಿದ್ದಾರೆ. ಅಂಗಾತ ಮಲಗಿ ಕಣ್ಣು ಮುಚ್ಚುವಷ್ಟರಲ್ಲಿ ಸೊಸೆ ಚಹಾ ತರುತ್ತಾಳೆ. ಎದ್ದು ಕುಡಿಯುತ್ತೇನೆ. "ಮಾವಾರ, ಇನ್ನೊಂದು ಸ್ವಲ್ಪ ಹಾಕ್ಲೇನ್ರಿ?" ಎಂದರೆ ಬೇಡವೆನ್ನುತ್ತೇನೆ. ಮಾವ ಸಕ್ಕರೆ ಕಾಯಿಲೆಗೆ ಹೆದರುತ್ತಾರೆ ಎಂದು ಅವಳು ತಿಳಿದಿದ್ದಾಳೆ. ನಾನು ಹೆದರುವುದು ಮುರಗೋಡದ ಗುರುಪಾದಪ್ಪ ಮಾಸ್ತರರಿಗೆ.