ಕುಳ್ಳಿನ ಏಣಿ

ಗೋಡೆ ನೋಡಿ ಊರು ಹೇಳಬಲ್ಲೆ ಎಂದರೆ ಅದು ನನ್ನ ಜಂಬವಲ್ಲ, ಅನುಭವ. ಮುಧೋಳದ ಕಡೆಯ ಮಣ್ಣಿನ ಗೋಡೆ ಬಣ್ಣ ಕುಡಿಯುತ್ತದೆ; ಎಷ್ಟು ಹಚ್ಚಿದರೂ ಅದರ ಬಾಯಾರಿಕೆ ಹಿಂಗುವುದಿಲ್ಲ. ಬೀಳಗಿಯ ಕಲ್ಲಿನ ಗೋಡೆ ಹಚ್ಚಿದ ಬಣ್ಣವನ್ನು ಎಂಟೇ ದಿನಕ್ಕೆ ಉಗುಳುತ್ತದೆ. ಲೋಕಾಪುರದ ಗೋಡೆಯದು ಬೇರೆಯೇ ತಕರಾರು. ಅಲ್ಲಿ ಯಾರೂ ನಿಂತು ಓದುವುದಿಲ್ಲ, ಬಸ್ಸಿನ ಕಿಟಕಿಯಿಂದ ಓದುತ್ತಾರೆ. ಅಭ್ಯರ್ಥಿಯ ಹೆಸರು ಉದ್ದವಾಗಿದ್ದರೆ ಅರ್ಧ ಓದುವಷ್ಟರಲ್ಲಿ ಬಸ್ಸು ದಾರಿ ಹಿಡಿದಿರುತ್ತದೆ. ಉಳಿದ ಅರ್ಧವನ್ನು ಓದಲು ಯಾರೂ ಮರಳಿ ಬರುವುದಿಲ್ಲ. ಹೀಗಾಗಿ ಅಲ್ಲಿ ನಾನು ಚಿಹ್ನೆಯನ್ನಷ್ಟೇ ಬರೆದು, ಹೆಸರನ್ನು ಮೈಕಿಗೆ ಬಿಡುತ್ತಿದ್ದೆ. ಪಂಚಾಯತಿಯಿಂದ ಹಿಡಿದು ಲೋಕಸಭೆಯವರೆಗೆ ಚುನಾವಣೆಯ ಪ್ರಚಾರ ಹೂಡುವುದೇ ನನ್ನ ಉದ್ಯೋಗವಾಗಿತ್ತು. ಯಾವ ಓಣಿಗೆ ಯಾವ ದಿನ ಹೋಗಬೇಕು, ಕರಪತ್ರದಲ್ಲಿ ಫೋಟೋ ಬಲಕ್ಕೋ ಎಡಕ್ಕೋ, ಅಭ್ಯರ್ಥಿ ನಗಬೇಕೋ ಬೇಡವೋ ಎಂಬುದನ್ನೆಲ್ಲ ನಾನೇ ತೀರ್ಮಾನಿಸುತ್ತಿದ್ದೆ. ನಕ್ಕರೆ ಸಾಲ ವಸೂಲಿಗೆ ಬಂದವರಂತೆ ಕಾಣುತ್ತಿದ್ದ ಒಬ್ಬರನ್ನು ಎರಡು ಚುನಾವಣೆಗಳುದ್ದಕ್ಕೂ ನಗದಂತೆ ಕಾಯ್ದು ಗೆಲ್ಲಿಸಿದವನು ನಾನು. ಇಷ್ಟೆಲ್ಲ ಬಲ್ಲ ನನಗೆ ಒಂದೇ ಒಂದು ಗೋಡೆ ಅರ್ಥವಾಗಲಿಲ್ಲ. ಅದು ನನ್ನ ಮನೆಯದು.

ನಾನು ಕೆಲಸ ಕಲಿತದ್ದು ಜಮಖಂಡಿಯಲ್ಲಿ, ಬೋರ್ಡು ಬರೆಯುತ್ತಿದ್ದ ಒಬ್ಬ ಮಾಸ್ತರರ ಕೈಕೆಳಗೆ. ಅವರದು ದಂಡಿನ ಶಿಸ್ತು. ಸೂರ್ಯ ಹುಟ್ಟುವ ಮೊದಲೇ ತೊಳೆದ ಬ್ರಷ್ಷುಗಳು ದಪ್ಪದ ಪ್ರಕಾರ ಸಾಲಾಗಿ ಮಲಗಿರಬೇಕು. "ಮೊದಲ ಸುಣ್ಣ, ಆಮ್ಯಾಲ ಬಣ್ಣ, ಕಡೀಕ ಮಾತ" ಎಂಬುದು ಅವರ ಮಂತ್ರ. ಮೊದಲ ವರ್ಷ ನನಗೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವ ಅಧಿಕಾರವೂ ಇರಲಿಲ್ಲ. ವರ್ಷವಿಡೀ ಸುಣ್ಣ ಕಲಸಿದೆ, ಸುಣ್ಣ ಹಚ್ಚಿದೆ, ಕನಸಿನಲ್ಲೂ ಸುಣ್ಣವನ್ನೇ ಕಂಡೆ. ಆ ಶಿಸ್ತು ನನಗೆ ಎಷ್ಟು ಮೈಗೂಡಿತೆಂದರೆ, ಬನಹಟ್ಟಿಗೆ ಬಂದು ಅಂಗಡಿ ಹಾಕಿ ಮದುವೆಯಾದ ಮೇಲೂ ಮನೆಯಲ್ಲಿ ಬ್ರಷ್ಷುಗಳ ಸಾಲು ಕೆಡಲಿಲ್ಲ. ನನ್ನ ಹೆಂಡತಿ ಕಸ್ತೂರಿ ಬಂದ ಹೊಸತರಲ್ಲೇ ಹೇಳಿದ್ದಳು: "ನಿಮ್ಮ ಮನ್ಯಾಗ ಬ್ರಷ್ಷಿಗಿ ಇದ್ದಷ್ಟು ಹಾಸಿಗಿ ಮನಷ್ಯಾರಿಗಿ ಇಲ್ಲ ಬಿಡ್ರಿ."

ನನ್ನ ಹೆಸರು ಬೆಳೆದದ್ದು ರಬಕವಿಯ ಒಂದು ನೇಕಾರರ ಓಣಿಯಿಂದ. ಎಲ್ಲ ಬಣ್ಣಗಾರರೂ ಗೋಡೆಯ ಮೇಲೆ ಆಳೆತ್ತರದಲ್ಲಿ ಬರೆಯುತ್ತಿದ್ದರು. ನಾನು ಒಂದು ದಿನ ಆ ಓಣಿಯಲ್ಲಿ ಸುಮ್ಮನೆ ಅಡ್ಡಾಡಿ ನೋಡಿದೆ. ಗಂಡಸರೆಲ್ಲ ಮನೆಯೊಳಗೆ ಕುಣಿಮಗ್ಗದಲ್ಲಿದ್ದರು. ಕುಣಿಯಲ್ಲಿ ಕಾಲು ಇಳಿಬಿಟ್ಟು ನೆಲಕ್ಕೆ ಕೂತವನಿಗೆ ತೆರೆದ ಬಾಗಿಲಲ್ಲಿ ಕಾಣುವುದು ಎದುರು ಮನೆಯ ಗೋಡೆಯ ಬುಡವೊಂದೇ. ಹಾಗಾಗಿ ನಾನು ನೆಲದಿಂದ ಒಂದು ಮೊಳದೊಳಗೆ, ಮಲಗಿಕೊಂಡು ಬರೆದೆ. ಊರು ನಕ್ಕಿತು. "ಮಾಸ್ತರ್ರ, ಓಟು ಇರುವಿಗೂ ಕೊಟ್ಟಾರೇನ್ರಿ?" ಎಂದು ನನ್ನನ್ನು ಕೇಳಿದರು. ನಾಯಿಗಳು ಮಾತ್ರ ನಗಲಿಲ್ಲ. ಪಕ್ಷಭೇದವಿಲ್ಲದೆ ಬಂದು ಕಾಲೆತ್ತಿ ಗೌರವ ಸಲ್ಲಿಸಿದವು. ಆದರೆ ನೇಕಾರರು ದಿನವಿಡೀ ಲಾಳಿ ಎಸೆಯುತ್ತ ನನ್ನ ಅಕ್ಷರಗಳನ್ನೇ ನೋಡಿದರು, ನನ್ನ ಅಭ್ಯರ್ಥಿ ಗೆದ್ದರು. ಅಂದಿನಿಂದ ನನ್ನದು ಒಂದು ಸಿದ್ಧಾಂತವಾಯಿತು: ಗೋಡೆ ಎಲ್ಲಿದೆ ಎಂದು ನೋಡಬೇಡ, ನೋಡುವವನ ಕಣ್ಣು ಎಲ್ಲಿದೆ ಎಂದು ನೋಡು. ಈ ಸಿದ್ಧಾಂತವನ್ನು ನಾನು ಊಟಕ್ಕೆ ಕೂತಾಗಲೆಲ್ಲ ಕಸ್ತೂರಿಗೆ ವಿವರಿಸುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದಳು. ಬಡಿಯುವ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸುವುದಿಲ್ಲವೆಂದೇ ನನ್ನ ಗ್ರಹಿಕೆಯಾಗಿತ್ತು.

ನನಗೆ ಎರಡು ನೇಮಗಳಿದ್ದವು. ಒಂದು, ಒಂದು ವಾರ್ಡಿಗೆ ಒಬ್ಬರೇ ಅಭ್ಯರ್ಥಿ; ಮೊದಲು ಬಂದು ಎಲೆ ಅಡಿಕೆ ಕೊಟ್ಟವರದೇ ಕೆಲಸ. ಎಲೆ ಅಡಿಕೆ ಹಿಡಿದ ಮೇಲೆ ದೇವರೇ ಎದುರಾಳಿಯಾಗಿ ನಿಂತರೂ ನಾನು ಆ ಕಡೆ ವಾಲುವವನಲ್ಲ. ಎರಡು, ನನ್ನ ಮನೆಯ ಗೋಡೆಯ ಮೇಲೆ ಯಾರ ಹೆಸರೂ ಇಲ್ಲ. ಓಣಿಯ ತಿರುವಿನಲ್ಲಿ, ನಳದ ಎದುರಿಗೇ ಇರುವ ಆ ಉದ್ದನೆಯ ಗೋಡೆಗಾಗಿ ಎಲ್ಲ ಪಕ್ಷದವರೂ ಜೊಲ್ಲು ಸುರಿಸಿದವರೇ. ನಾನು ಪ್ರತಿ ದೀಪಾವಳಿಗೆ ಅದಕ್ಕೆ ಸುಣ್ಣ ಹಚ್ಚಿ, ಹಾಲಿನಂತೆ ಬಿಳಿಯಾಗಿ ಬಿಟ್ಟಿದ್ದೆ. ವೃತ್ತಿಯಲ್ಲಿ ಎಲ್ಲರವನಾದವನಿಗೆ ಮನೆಯಲ್ಲಿ ಯಾರವನೂ ಆಗದ ಒಂದು ಜಾಗ ಬೇಕಲ್ಲ.

ಪುರಸಭೆಯಲ್ಲಿ ಹೆಣ್ಣುಮಕ್ಕಳಿಗೆ ಸೀಟು ಮೀಸಲಾದಾಗ ನಮ್ಮ ವಾರ್ಡೂ ಆ ಪಾಲಿಗೆ ಬಂತು. ಸುದ್ದಿ ಬಂದ ದಿನವೇ ನೂಲಿನ ವ್ಯಾಪಾರಿ ಚನಮಲ್ಲಪ್ಪ ಸಾಹುಕಾರರು ನಮ್ಮ ಕಟ್ಟೆಗೆ ಬಂದು ಎಲೆ ಅಡಿಕೆಯ ತಟ್ಟೆ ಮುಂದಿಟ್ಟರು. "ನಮ್ಮ ನೀಲವ್ವನ್ನ ನಿಲ್ಲಸಾಕತ್ತೇನಿ ಮಾಸ್ತರ್ರ. ಇನ್ನ ನೀವುಂಟು, ನಿಮ್ಮ ಬ್ರಷ್ ಉಂಟು" ಎಂದರು. ನೀಲವ್ವ ಅವರ ಹೆಂಡತಿ. ನಿಲ್ಲುವ ವಿಷಯ ಆಕೆಗೆ ಇನ್ನೂ ತಿಳಿದಿತ್ತೋ ಇಲ್ಲವೋ. ನಾನು ಎಲೆ ಅಡಿಕೆ ಹಿಡಿದೆ.

ಒಳಗೆ ಹೋದರೆ ಓಣಿಯ ಹೆಂಗಸರೆಲ್ಲ ಅಡುಗೆಮನೆಯಲ್ಲಿ ಕೂತಿದ್ದರು. ನಮ್ಮ ಓಣಿಗೆ ಅದೊಂದೇ ನಳ, ಅದಕ್ಕೆ ನೀರು ಬರುತ್ತಿದ್ದುದು ಸರಿಯಾಗಿ ಅವರು ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಹೊತ್ತಿಗೆ. ನೀರಿಗೆ ಹೋದರೆ ಮಗ್ಗ ನಿಲ್ಲುತ್ತಿತ್ತು, ಕಂಡಿಕೆಗೆ ಕೂತರೆ ಕೊಡ ಬರಿದಾಗುತ್ತಿತ್ತು. ಹೊತ್ತು ಬದಲಿಸಿರೆಂದು ಪುರಸಭೆಗೆ ಹೇಳಿ ಹೇಳಿ ಸೋತವರು, ಈಗ ಕಸ್ತೂರಿಯೇ ಹೋಗಿ ಬದಲಿಸಲಿ ಎಂದು ಗಟ್ಟಿಮಾಡಿಕೊಂಡಿದ್ದರು.

"ನಾ ನಿಲ್ಲಾಕತ್ತೇನ್ರಿ" ಎಂದಳು ಕಸ್ತೂರಿ.

ನನ್ನ ಅಂಗೈಯಲ್ಲಿ ಅಡಿಕೆ ಇನ್ನೂ ಹಾಗೇ ಇತ್ತು. ತೋರಿಸಿದೆ. "ಸಾವಕಾರರಿಗಿ ಮಾತ ಕೊಟ್ಟೇನಿ" ಎಂದೆ.

ಕಸ್ತೂರಿ ಒಂದು ಗಳಿಗೆ ಅಡಿಕೆ ನೋಡಿದಳು, ಒಂದು ಗಳಿಗೆ ನನ್ನನ್ನು. "ಕೊಟ್ಟೀರಿ ಅಂದಮ್ಯಾಲ ಮುಗೀತ. ನೀವು ಮಾತ ಮುರದ್ರ ನಾಳೆ ನನ್ನ ಮಾತೂ ಯಾರೂ ನಂಬೂದಿಲ್ಲ. ಅವರ ಕೆಲಸಾ ಛಲೋ ಮಾಡ್ರಿ. ನನಗ ಆ ಬಿಳಿ ಗ್ವಾಡಿ ಒಂದ ಬಿಡ್ರಿ."

"ಅದರ ಮ್ಯಾಲ ಅಕ್ಷರ ಬರ್ಯಾಂಗಿಲ್ಲ. ನನ್ನ ನೇಮ ಐತಿ."

"ನಾ ಎಲ್ಲಿ ಅಕ್ಷರ ಬರೀತೀನಿ ಅಂದೆ? ಒಂದ ಅಕ್ಷರ ಇರೂದಿಲ್ಲ, ಒಂದ ಹನಿ ಬಣ್ಣ ಇರೂದಿಲ್ಲ. ಆತಿಲ್ಲ?"

ಅಕ್ಷರವೂ ಬಣ್ಣವೂ ಇಲ್ಲದೆ ಗೋಡೆಯಿಂದ ಏನಾದೀತು? ನಾನು ಉದಾರವಾಗಿ ಒಪ್ಪಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಕರುಣೆಯಿಂದಲೂ ಒಪ್ಪಿದೆ.

ನೀಲವ್ವನಿಗೆ ಟೇಬಲ್ ಫ್ಯಾನಿನ ಚಿಹ್ನೆ ಬಂತು, ಕಸ್ತೂರಿಗೆ ಏಣಿ. ಫ್ಯಾನಿನ ಚಿಹ್ನೆ ಎಂದರೆ ಬಣ್ಣಗಾರನಿಗೆ ಹಬ್ಬ. ರೆಕ್ಕೆಗಳು ತಿರುಗುತ್ತಿರುವಂತೆಯೇ ಬರೆದೆ, ಸುತ್ತಲೂ ಸೀರೆಯ ಅಂಚಿನ ವಿನ್ಯಾಸ ಇಳಿಸಿದೆ. ಓಣಿಯುದ್ದಕ್ಕೂ ಎತ್ತರದಲ್ಲಿ, ಬುಡದಲ್ಲಿ, ತಿರುವಿನಲ್ಲಿ ಎಲ್ಲೆಲ್ಲೂ ಫ್ಯಾನು. ಸಾಹುಕಾರರು ನೋಡಿ, "ಗಾಳಿ ಬಂದಂಗ ಆಕ್ಕೇತ್ರಿ ಮಾಸ್ತರ್ರ!" ಎಂದು ಅಂಗಿಯ ಗುಂಡಿ ಬಿಚ್ಚಿದರು. ಅದೇ ಮಾತನ್ನು ಊಟದ ಹೊತ್ತಿಗೆ ಹೆಮ್ಮೆಯಿಂದ ಹೇಳಿದರೆ ಕಸ್ತೂರಿ ತಿರುಗಿ ನೋಡಲಿಲ್ಲ. "ದಿನಾ ಕರೆಂಟ್ ಹೋಗಿ ಮಂದಿ ಬೆವರಾಕತ್ತೈತಿ. ಹೊರಗ ಬಂದು ಗ್ವಾಡಿ ಮ್ಯಾಲಿನ ಫ್ಯಾನ್ ನೋಡಿದ್ರ ಸಿಟ್ಟ ಬರತೈತೋ ಗಾಳಿ ಬರತೈತೋ?" ಎಂದಳು. ಎದುರಾಳಿಯ ಟೀಕೆ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಉದ್ಯೋಗದಲ್ಲಿ ಅದೂ ಒಂದು ಶಿಸ್ತು.

ಅವಳ ಪ್ರಚಾರ ಎಲ್ಲಿಯೂ ಕಾಣಲಿಲ್ಲ. ಒಂದು ಮುಂಜಾನೆ ಬ್ರಷ್ಷು ತೊಳೆಯಲು ಹೊರಗೆ ಬಂದರೆ, ನನ್ನ ಹಾಲಿನಂಥ ಗೋಡೆಯ ಮೇಲೆ ಹಸಿ ಸಗಣಿಯ ಕುಳ್ಳು! ಸೀರೆ ಎತ್ತಿ ಸಿಗಿಸಿಕೊಂಡ ಕಸ್ತೂರಿ, ಮೊಣಕೈವರೆಗೆ ಸಗಣಿ ಮಾಡಿಕೊಂಡು, ಒಂದೊಂದೇ ಕುಳ್ಳು ತಟ್ಟುತ್ತಿದ್ದಳು.

"ಏ, ಏನ್ ಮಾಡಾಕತ್ತೀ?"

"ಕುಳ್ಳ ಹಚ್ಚಾಕತ್ತೇನಿ. ಅಕ್ಷರ ಐತೇನು? ಬಣ್ಣ ಐತೇನು?"

ಎರಡೂ ಇರಲಿಲ್ಲ. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಗೋಡೆಯನ್ನು ದೂರದಿಂದ ನೋಡುವುದು ನನ್ನ ಹಳೆಯ ಚಾಳಿ. ಕುಳ್ಳಿನ ಎರಡು ಉದ್ದ ಸಾಲು ಮೇಲಿನಿಂದ ಕೆಳಗೆ, ನಡುವೆ ಅಡ್ಡಸಾಲುಗಳು. ಏಣಿ. ದುಂಡಗೆ, ಗಟ್ಟಿಯಾಗಿ, ಕುರುಡನೂ ಮುಟ್ಟಿ ಗುರುತಿಸುವಂಥ ಏಣಿ.

ವಾರದೊಳಗೆ ಓಣಿಯ ತುಂಬ ಏಣಿ. ಎಮ್ಮೆ ಇದ್ದ ಮನೆಯವರು ತಮ್ಮ ಗೋಡೆಗೆ, ಇಲ್ಲದವರು ಸಗಣಿ ಕಡ ತಂದು ತಮ್ಮ ಗೋಡೆಗೆ. ಅದರ ಚಮತ್ಕಾರ ನನಗೆ ತಿಳಿದದ್ದು ನಿಧಾನವಾಗಿ. ನನ್ನ ಫ್ಯಾನು ಬರೆದ ದಿನ ಹೊಸದು, ಮರುದಿನ ಹಳೆಯದು. ಕುಳ್ಳಿನ ಏಣಿ ಹಾಗಲ್ಲ. ಒಣಗಿದ್ದನ್ನು ಒಲೆಗೆ ಕಿತ್ತರೆ ಅದೇ ಕಲೆಯ ಮೇಲೆ ಹೊಸ ಕುಳ್ಳು. ಹಚ್ಚುವವಳು ದಿನಾ ಏಣಿ ಬರೆದಳು, ಕೀಳುವವಳು ದಿನಾ ಏಣಿ ಓದಿದಳು. ಚಹಾ ಕುದಿದದ್ದೂ ಏಣಿಯಿಂದಲೇ.

ಸಾಹುಕಾರರು ತಕರಾರು ಕೊಟ್ಟರು. ಚುನಾವಣೆಯ ಸಾಹೇಬರು ಬಂದು ನಮ್ಮ ಗೋಡೆಯ ಮುಂದೆ ನಿಂತರು.

"ಏನಮ್ಮಾ ಇದು?"

"ಕುಳ್ಳ ರೀ ಸಾಹೇಬ್ರ. ಒಲಿಗೆ."

"ಏಣಿ ಕಂಡ ಹಾಗಿದೆಯಲ್ಲ?"

"ನಿಮಗ ಏಣಿ ಕಂಡ್ರ ನಾ ಏನ್ ಮಾಡ್ಲಿರಿ? ನನಗ ಕುಳ್ಳ ಕಾಣಾಕತ್ತಾವ. ಬೇಕಾದ್ರ ಒಂದ ಕಿತ್ತು ಮೂಸಿ ನೋಡ್ರಿ."

ಸಾಹೇಬರು ಮೂಸಲಿಲ್ಲ. ಗೋಡೆಬರಹದ ನಿಯಮಗಳಲ್ಲಿ ಸಗಣಿಯ ಪ್ರಸ್ತಾಪ ಎಲ್ಲಿಯೂ ಇರಲಿಲ್ಲವಂತೆ. ಅದೇ ಸಂಜೆ ನಾನು ಸಾಹುಕಾರರ ಮನೆಗೆ ಹೋದಾಗ ಅವರ ಹಿತ್ತಲ ಗೋಡೆಯ ಮೇಲೂ ಏಣಿ ಒಣಗುತ್ತಿತ್ತು. ನೀಲವ್ವನನ್ನು ಕೇಳಿದರೆ, "ಹಂಗ ಹಚ್ಚಿದ್ರ ನೋಡಾಕ ಛಂದ ಕಾಣತೈತ್ರಿ ಮಾಸ್ತರ್ರ. ಮತ್ತ, ಈ ಓಣಿ ನೀರಿನ ತ್ರಾಸು ನಂಗೂ ಐತ್ರಿ" ಎಂದು ಸೆರಗು ಬಾಯಿಗೆ ಇಟ್ಟುಕೊಂಡರು. ಅಭ್ಯರ್ಥಿಯೇ ಎದುರಾಳಿಯ ಚಿಹ್ನೆಯನ್ನು ಹಿತ್ತಲಲ್ಲಿ ಸಾಕಿಕೊಂಡಾಗ ಯಾವ ಬಣ್ಣಗಾರ ಏನು ಮಾಡಿಯಾನು? ನಾನು ಮಾತು ತಪ್ಪಲಿಲ್ಲ. ಕೊನೆಯ ದಿನದವರೆಗೂ ಫ್ಯಾನು ಬರೆದೆ.

ಕಸ್ತೂರಿ ಗೆದ್ದಳು. ಕೂದಲೆಳೆಯಲ್ಲಿ ಅಲ್ಲ, ಭರ್ಜರಿಯಾಗಿ.

ಮರುದಿನ ಮುಂಜಾನೆ ಸಾಹುಕಾರರು ಬಂದು ಕಟ್ಟೆಯ ಮೇಲೆ ಕೂತರು. ಕೈಯಲ್ಲಿ ಎಲೆ ಅಡಿಕೆಯ ತಟ್ಟೆ ಇತ್ತು, ಆದರೆ ನನ್ನ ಮುಂದೆ ಇಡಲಿಲ್ಲ. "ಸೋಲು ಗೆಲುವು ಇದ್ದದ್ದರಿ. ಒಂದ ಮಾತ ಕೇಳತೀನಿ, ಖರೆ ಹೇಳ್ರಿ. ಆ ಏಣಿ ಯಾರ ತಲ್ಯಾಗ ಹುಟ್ಟಿದ್ದು?"

ನನ್ನ ಫಜೀತಿ ನೋಡಿ. ನನ್ನದೇ ಎಂದರೆ ಎಲೆ ಅಡಿಕೆ ಹಿಡಿದು ಮಾತು ಮುರಿದವನಾಗುತ್ತೇನೆ. ಇಷ್ಟು ವರ್ಷದ ಮರ್ಯಾದೆ ಮಣ್ಣು. ನನ್ನದಲ್ಲ ಎಂದರೆ ಇಷ್ಟು ವರ್ಷದ ವಿದ್ಯೆ ಸಗಣಿ. ಒಂದು ಕ್ಷಣ, ದಗಾಕೋರ ಅನ್ನಿಸಿಕೊಳ್ಳುವುದೇ ವಾಸಿ ಎಂದೂ ಅನ್ನಿಸಿತು.

"ನನ್ನದಲ್ರಿ. ಅಕೀದು" ಎಂದೆ.

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಕಂಡ ಸಂಕಟ ಸುಳ್ಳು ಹೇಳುವವನದಲ್ಲ ಎಂದು ವ್ಯಾಪಾರಿಯ ಕಣ್ಣಿಗೆ ತಿಳಿದಿರಬೇಕು. "ನಂಬಿದೆ. ನಿಮ್ಮ ಮಾತಿಗೆ ಸೈ" ಎಂದರು. ನನ್ನ ಎದೆ ಹಗುರಾಯಿತು. ಅವರು ತಟ್ಟೆ ಎತ್ತಿಕೊಂಡರು. "ಹಂಗಾರ ಅಕ್ಕಾರನ್ನ ಸ್ವಲ್ಪ ಕರೀರಿ. ನೇಕಾರ ಸೊಸೈಟಿ ಚುನಾವಣಿ ಬಂತು, ನಾನ ನಿಲ್ಲಾಂವ."

ಕಸ್ತೂರಿ ಕೈ ಒರೆಸಿಕೊಳ್ಳುತ್ತ ಬಂದಳು. ಸಾಹುಕಾರರು ತಡೆಯಲಾರದೆ ಕೇಳಿದರು: "ಅಲ್ಲಬೇ ಅಕ್ಕಾ, ಇದನ್ನ ಎಲ್ಲಿ ಕಲತಿ?"

"ಇವರ ದಿನಾ ಹೇಳತಿದ್ರಲ್ರಿ, ರೊಟ್ಟಿ ತಿನ್ನೂವಾಗ. ನೋಡಾವ್ರ ಕಣ್ಣ ಎಲ್ಲಿರತೈತೋ ಅಲ್ಲಿ ಬರೀಬೇಕು ಅಂತ. ಹೆಣ್ಣಮಕ್ಕಳ ಕಣ್ಣ ಎಲ್ಲಿರತೈತಿ? ಕೈ ಇದ್ದಲ್ಲಿ."

ಅವಳಿಗೆ ಎಲ್ಲವೂ ಕೇಳಿಸುತ್ತಿತ್ತೆಂದು ತಿಳಿದ ಕ್ಷಣ ನನಗೆ ಹೆಮ್ಮೆಯಾಯಿತು. ಊಟಕ್ಕೆ ಕೂತಾಗ ಬೇರೆ ಏನೇನು ಹೇಳಿದ್ದೆನೆಂದು ನೆನೆದು ಸ್ವಲ್ಪ ಹೆದರಿಕೆಯೂ ಆಯಿತು. ಅವಳು ಎಲೆ ಅಡಿಕೆ ಹಿಡಿದಳು. "ಸೊಸೈಟಿ ಅಂದ್ರ ಗಂಡಸರ ಓಟು. ಅದಕ್ಕ ಗ್ವಾಡಿನ ಬೇಕಾಗತೈತಿ. ಅದನ್ನ ಇವರ ನೋಡಕೋತಾರ. ಇವರಂಗ ಸುಣ್ಣಾ ಹಚ್ಚಾವ್ರು ಈ ಸೀಮಿಯೊಳಗ ಇಲ್ರಿ" ಎಂದಳು. ಹೊಗಳಿಕೆ ಕೇಳಿ ನನ್ನ ಎದೆ ಉಬ್ಬಿತು. ಅದರ ಅರ್ಥ ತಲೆಗೆ ಹೋಗುವುದು ಸ್ವಲ್ಪ ತಡವಾಯಿತು.

ಈಗ ನಮ್ಮ ಓಣಿಯ ನಳಕ್ಕೆ ನೀರು ನಸುಕಿನಲ್ಲೇ ಬರುತ್ತದೆ, ನಾನು ಬ್ರಷ್ಷು ತೊಳೆಯುವ ಹೊತ್ತಿಗೆ ಸರಿಯಾಗಿ. ಹೀಗಾಗಿ ಸರದಿಯಲ್ಲಿ ಮೊದಲ ಕೊಡ ನನ್ನದು. ಬಿಳಿ ಗೋಡೆಗೆ ಈ ದೀಪಾವಳಿಗೆ ಎಷ್ಟು ಸುಣ್ಣ ಹಚ್ಚಿದರೂ ಹದಿನೈದು ದಿನಕ್ಕೆ ಏಣಿಯ ಕಲೆ ಒಳಗಿನಿಂದ ಮೂಡಿ ಬಂತು. ನನ್ನ ಯಾವ ಬರಹವೂ ಅಷ್ಟು ಬಾಳಿದ್ದಿಲ್ಲ. ಬಾಗಿಲಿಗೆ ಬಂದವರು ನನ್ನನ್ನು ದಾಟಿ ಒಳಗೆ ಇಣುಕಿ, "ಅಕ್ಕಾರು ಅದಾರೇನ್ರಿ?" ಎನ್ನುತ್ತಾರೆ. ನಾನು ಅವರಿಗೆ ಕೂರಲು ಹೇಳಿ, ಚಹಾಕ್ಕೆ ಇಟ್ಟು, ಸುಣ್ಣದ ಬಕೀಟು ಎತ್ತಿಕೊಂಡು ಹೊರಡುತ್ತೇನೆ. ಜಮಖಂಡಿಯ ಮಾಸ್ತರರು ಇದ್ದಿದ್ದರೆ ಮೆಚ್ಚುತ್ತಿದ್ದರು. ಹೊಸ ಗುರುವಿನ ಕೈಕೆಳಗೆ ಇದು ನನ್ನ ಮೊದಲ ವರ್ಷ. ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲು ಇನ್ನೂ ಹೊತ್ತಿದೆ.