ಭಾವ ತೆಗೆದ ಎಂಟು ಫೋಟೋಗಳು

ಬಣ್ಣದ ಹುಚ್ಚು ಹಿಡಿದವರ ಕೈಗೆ ಕಪ್ಪು ಬಿಳುಪಿನ ಕ್ಯಾಮೆರಾ ಸಿಕ್ಕರೆ ಏನಾಗುತ್ತದೆ? ಅದು ಗೊತ್ತಾಗಬೇಕಾದರೆ ನೀವು ನಮ್ಮ ಭಾವನನ್ನು ನೋಡಬೇಕಿತ್ತು! ನಮ್ಮಕ್ಕನ ಗಂಡ, ಹೊಳೆನರಸೀಪುರದಲ್ಲಿ ಡ್ರಾಯಿಂಗ್ ಮೇಷ್ಟ್ರು. ಊರಿನವರು ಅವರನ್ನು ಮಹಾ ಕಲಾವಿದರು ಎನ್ನುತ್ತಿದ್ದರು. ನಾನು ಏನೆನ್ನುತ್ತಿದ್ದೆ ಎಂಬುದನ್ನು ಅಚ್ಚು ಹಾಕಿಸುವ ಹಾಗಿಲ್ಲ.

ಅವರದೊಂದು ಡಬ್ಬ ಕ್ಯಾಮೆರಾ, ಜೊತೆಗೊಂದು ನೋಟುಬುಕ್ಕು. ಫೋಟೋದಲ್ಲಿ ಬಣ್ಣ ಬರುವುದಿಲ್ಲವಲ್ಲ, ಅದಕ್ಕೆ ಮರದ ಮುಂದೆ ನಿಂತು ಒಂದೊಂದು ಕೊಂಬೆಯ ಬಣ್ಣವನ್ನೂ ಬರೆದುಕೊಳ್ಳುವುದು. ಫೋಟೋ ತೊಳೆಸಿ ತಂದ ಮೇಲೆ ಪುಸ್ತಕ ನೋಡಿಕೊಂಡು ಕುಂಚದಲ್ಲಿ ಬಣ್ಣ ತುಂಬುವುದು. "ಅದರ ಬದಲು ಚಿತ್ರಾನೇ ಬರೀಬಾರ್ದಾ ಭಾವ?" ಎಂದು ಕೇಳಿದೆ. "ನಿಂಗೆ ಗೊತ್ತಾಗಕ್ಕಿಲ್ಲ, ಸುಮ್ಕಿರು" ಎಂದರು. ನಿಜ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮನುಷ್ಯರ ಮುಖ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಮುಖವಿದ್ದರೆ ನೋಡುವವರು ಮುಖವನ್ನೇ ನೋಡುತ್ತಾರೆ, ಮರವನ್ನು ಯಾರೂ ನೋಡುವುದಿಲ್ಲವಂತೆ! ಚನ್ನರಾಯಪಟ್ಟಣದ ಒಂದು ಮದುವೆಗೆ ಇವರನ್ನು ಫೋಟೋ ತೆಗೆಯಲು ಕರೆದರು. ತಿಂಗಳಾದ ಮೇಲೆ ಇವರು ಕೊಟ್ಟಿದ್ದು ಚಪ್ಪರದ ಮಾವಿನ ತೋರಣ.

"ಮದುವೆಗಂಡು ಎಲ್ಲಿ ಮೇಷ್ಟ್ರೇ?"

"ಅದೋ, ಕೆಳಗೆ ಕಾಲು ಕಾಣ್ತಾವಲ್ಲ!"

ಇಂಥವರನ್ನು ಕಟ್ಟಿಕೊಂಡು ಅಕ್ಕ ಹದಿನಾಲ್ಕು ವರ್ಷ ಬಾಳಿದಳು. ತನ್ನದೊಂದು ಫೋಟೋ ಬೇಕೆನ್ನುವುದು ಬಿಟ್ಟರೆ ಅವಳು ಅವರನ್ನು ಬೇರೇನೂ ಕೇಳಿದ್ದನ್ನು ನಾನು ಕಾಣೆ.

ಆಗ ಯುದ್ಧದ ಕಾಲ, ಫಿಲಮ್ಮು ಸಿಗುತ್ತಿರಲಿಲ್ಲ. ಭಾವ ಹಾಸನದಲ್ಲಿ ಯಾರದೋ ಕೈಕಾಲು ಹಿಡಿದು ಒಂದು ಸುರುಳಿ ತಂದರು. ಅದರಲ್ಲಿ ಎಂಟೇ ಫೋಟೋ. ಮಾಘ ಕಳೆಯುವ ಹೊತ್ತು. ಅರಕಲಗೂಡಿನಾಚೆಯ ಬೆಟ್ಟದಲ್ಲಿ ಉದುರುವ ಎಲೆಗಳೆಲ್ಲ ಅರಿಶಿನ ಕುಂಕುಮದ ಬಣ್ಣಕ್ಕೆ ತಿರುಗಿವೆ, ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡೋಣ ಎಂದರು. ಅಕ್ಕ ನಮ್ಮ ಮನೆಗೆ ಓಡಿ ಬಂದಳು. "ನಿನ್ ಮದ್ವೆ ಸೀರೆ ಒಂದ್ದಿನ ಕೊಡೇ. ಎಂಟ್ರಲ್ಲಿ ಒಂದಾದ್ರೂ ನಂದು ತೆಗೀದೆ ಇರ್ತಾರಾ?" ಎಂದಳು. ಸೀರೆ ಕೊಟ್ಟೆ. ಬುತ್ತಿ ಹೊತ್ತುಕೊಂಡು ನಾನೂ ಹೊರಟೆ.

ಪೆಟ್ರೋಲೂ ಸಿಗದ ಕಾಲ, ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು. ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ರೇಷ್ಮೆ ಸೀರೆ ಉಟ್ಟ ಅಕ್ಕನೂ ತಳ್ಳಿದಳು! ಕಂಡಕ್ಟರು ನಮ್ಮನ್ನು ಇಳಿಸುತ್ತಾ, "ಎಲೆ ನೋಡಕ್ಕೆ ಇಷ್ಟ್ ದೂರ ಬಂದ್ರಾ ಸಾ? ಆಡುಗೀಡು ಸಾಕಿದ್ದೀರಾ?" ಎಂದ.

ಬೆಟ್ಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಭಾವ ಒಂದು ಕೆಂಪು ಮರ ಹುಡುಕಿ, "ಅದರ ಬುಡದಲ್ಲಿ ನಿಂತ್ಕೊ" ಎಂದರು. ಅಕ್ಕ ಹೂವು ಸರಿಮಾಡಿಕೊಂಡು ನಿಂತಳು.

"ಈ ಕಡೆ ಅಲ್ಲ ಕಣೇ, ಆ ಕಡೆ ತಿರುಗು."

"ಮುಖ?"

"ಮುಖ ಯಾಕೆ? ಮರ ಎಷ್ಟೆತ್ತರ ಅಂತ ತಿಳಿಯಕ್ಕೆ ಒಂದಾಳು ಬೇಕು, ಅಷ್ಟೇಯ."

ಹೀಗೆ ಏಳು ಮರ, ಏಳು ಬೆನ್ನು. ನಾನು ಜಗಳಕ್ಕೆ ನಿಂತ ಮೇಲೆ ಭಾವ ಒಪ್ಪಿದರು: "ಆಯ್ತು, ಕೊನೇದು ನಿಂಗೇಯ!" ಅಕ್ಕ ಮುಖ ಒರೆಸಿಕೊಂಡು ಇತ್ತ ತಿರುಗಿದಳು. ಹಾಳಾದ್ದು, ಅದೇ ಗಳಿಗೆಗೆ ಮೋಡ ಸರಿದು ಮರದ ಮೇಲೆ ಬಿಸಿಲು ಬೀಳಬೇಕೆ? "ಅಯ್ಯೋ, ಆ ಬಣ್ಣ ನೋಡು! ತಿರುಗು, ತಿರುಗು ಆ ಕಡೆ!" ಅಕ್ಕ ತಿರುಗಿದಳು. ಕ್ಯಾಮೆರಾ ಟಕ್ಕೆಂದಿತು.

"ಮುಗ್ದೋಯ್ತಲ್ಲೇ! ಬರೋ ವರ್ಷ ನಿನ್ ಮುಖಾನೇ ತೆಗೀತೀನಿ."

ಅಕ್ಕ ನಕ್ಕಳು. ಬುತ್ತಿ ಬಿಚ್ಚಿ ಅವರಿಗೇ ಮೊದಲು ಬಡಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಮಳೆಗಾಲದಲ್ಲೇ ವಿಷಮಶೀತ ಜ್ವರ ಬಂದು ಅಕ್ಕ ತೀರಿಕೊಂಡಳು.

ಶಿವಗಣಾರಾಧನೆಯ ದಿನ ಹಾರ ತಂದವರು ಫೋಟೋ ಕೇಳಿದರು. ಭಾವ ಎಂಟನೆಯದನ್ನು ತಂದು ಮಣೆಯ ಮೇಲಿಟ್ಟರು. ದೊಡ್ಡ ಮರ, ಬುಡದಲ್ಲಿ ಹೂ ಮುಡಿದ ಒಂದು ತುರುಬು. ನಮ್ಮ ದೊಡ್ಡಪ್ಪ ಬಗ್ಗಿ ನೋಡಿ, "ಇದ್ಯಾಕಪ್ಪಾ, ನಮ್ ಮ್ಯಾಲೆ ಮುನಿಸ್ಕೊಂಡಂಗೆ ನಿಂತವ್ಳೆ?" ಎಂದರು.

ವಾರ ಬಿಟ್ಟು ಭಾವನ ಮನೆಗೆ ಹೋದೆ. ಮನಸ್ಸಿನಲ್ಲಿದ್ದುದನ್ನೆಲ್ಲ ಅಂದುಬಿಡಬೇಕೆಂದೇ ಹೋದೆ. ಅವರು ಜಗಲಿಯಲ್ಲಿ ಬಣ್ಣದ ಬಟ್ಟಲು ಹರಡಿಕೊಂಡು ಅದೇ ಫೋಟೋ ಹಿಡಿದು ಕೂತಿದ್ದರು. ಮರಕ್ಕೆಲ್ಲ ಬಣ್ಣ ತುಂಬಿತ್ತು. ಅಕ್ಕ ಮಾತ್ರ ಬಿಳಿಚಿಕೊಂಡೇ ಇದ್ದಳು.

"ಅವತ್ತು ಅವಳು ಉಟ್ಟಿದ್ದ ಸೀರೆ ಯಾವ ಬಣ್ಣ?" ಎಂದು ಕೇಳಿದರು.

"ನಿಮ್ ಪುಸ್ತಕದಲ್ಲಿ ನೋಡಿ ಭಾವ!"

"ನೋಡ್ದೆ. ಎಲೇದೆಲ್ಲ ಐತೆ, ಅವಳ್ದು ಬರ್ಕೊಂಡಿಲ್ಲ."

ನಾನು ಮನೆಗೆ ಬಂದು, ಪೆಟ್ಟಿಗೆಯಿಂದ ಸೀರೆ ತೆಗೆದು, ಕೊಂಡುಹೋಗಿ ಅವರ ತೊಡೆಯ ಮೇಲೆ ಹಾಕಿದೆ. ಭಾವ ಕುಂಚ ಎತ್ತಲಿಲ್ಲ. ಸೀರೆಯ ಸೆರಗನ್ನೊಮ್ಮೆ ಸವರಿದರು. ಆಮೇಲೆ ಫೋಟೋವನ್ನು ಮೆಲ್ಲಗೆ ಮಗುಚಿ ಹಿಂಬದಿ ನೋಡಿದರು, ಅಕ್ಕನ ಮುಖ ಆ ಕಡೆ ಇದ್ದೀತು ಎನ್ನುವ ಹಾಗೆ.

ಬೈಯಲು ಬಂದವಳು ನಾನು. ಅವರ ಪಕ್ಕದಲ್ಲಿ ಕೂತುಬಿಟ್ಟೆ.