ಜೀರಿಗೆ ಲಗಾಮಿಗೆ ಒಗ್ಗಿದ ಕತೆ

ಕುದುರೆಗೆ ಕಲಿಸುವವರು ವಾರಕ್ಕೊಮ್ಮೆಯಾದರೂ ನಗೆಪಾಟಲಾಗುತ್ತಾರೆ. ನಾನಂತೂ ಲೆಕ್ಕಕ್ಕಿಂತ ಮುಂದಿದ್ದೇನೆ.

ವೈಟ್‌ಫೀಲ್ಡ್ ದಾಟಿ ಇನ್ನಷ್ಟು ಒಳಗೆ ಬಂದರೆ ಸುತ್ತ ಅಪಾರ್ಟ್‌ಮೆಂಟು, ನಡುವೆ ನಮ್ಮ ಸವಾರಿ ಶಾಲೆ. ಕುದುರೆ ಒಂಬತ್ತು, ಮೇಷ್ಟ್ರು ನಾನೊಬ್ಬನೇ. ಎಂಟು ಕುದುರೆ ನನ್ನ ಮಾತು ಕೇಳುತ್ತವೆ. ಒಂಬತ್ತನೆಯದು ಜೀರಿಗೆ. ನಾಲ್ಕು ವರ್ಷದ ಹೆಣ್ಣು ಕುದುರೆ, ಮೈತುಂಬ ಜೀರಿಗೆ ಉದುರಿಸಿದ ಹಾಗೆ ಕಂದು ಚುಕ್ಕೆ. ಬೆನ್ನ ಮೇಲೆ ಕೂರಿಸಿಕೊಳ್ಳುತ್ತಾಳೆ, ಚೆನ್ನಾಗಿ ನಡೆಯುತ್ತಾಳೆ. ಆದರೆ ಲಗಾಮು ಚೂರು ಬಿಗಿಯಾಯಿತೋ, ತಲೆ ಆಕಾಶಕ್ಕೆ. ಸಡಿಲ ಬಿಟ್ಟರೆ ಹುಲ್ಲು ಕಂಡ ಕಡೆಗೆ.

ಸವಾರನ ಕೈಗೂ ಕುದುರೆಯ ಬಾಯಿಗೂ ನಡುವೆ ಲಗಾಮು ಜೋತಾಡಬಾರದು, ಜಗ್ಗಲೂಬಾರದು. ಮಗುವಿನ ಕೈ ಹಿಡಿದು ರಸ್ತೆ ದಾಟಿಸುವಾಗ ಎಷ್ಟು ಹಿಡಿತ ಇರುತ್ತದೋ ಅಷ್ಟು, ಆದರೆ ಸದಾ ಇರಬೇಕು. ಅದನ್ನು ಕುದುರೆ ನಂಬಬೇಕು. ಜೀರಿಗೆ ನಂಬುತ್ತಿರಲಿಲ್ಲ.

ಶಾಲೆಯ ಒಡತಿ ಮೇಡಂ ಒಂದು ದಿನ ಹೇಳಿಬಿಟ್ಟರು: "ಎರಡು ತಿಂಗಳು ನೋಡ್ತೀನಿ ಮೇಷ್ಟ್ರೇ. ಆಮೇಲೆ ನಾನೇ ಹತ್ತಿ ಪರೀಕ್ಷೆ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ಮದುವೆ ಮೆರವಣಿಗೆಯವ್ರು ಕೇಳ್ತಿದಾರೆ, ಕೊಟ್ಬಿಡೋಣ."

ಮೆರವಣಿಗೆ ಎಂದರೆ ಡೋಲು, ಪಟಾಕಿ, ಡೀಜೆ. ಪ್ಲಾಸ್ಟಿಕ್ ಕವರ್ ಹಾರಿದರೆ ನನ್ನ ಬೆನ್ನ ಹಿಂದೆ ಬಂದು ನಿಲ್ಲುವ ಪ್ರಾಣಿ ಅದು.

೧. ತೂಕದ ಪ್ರಶ್ನೆ

ನಮ್ಮಲ್ಲಿ ಕಲಿಯಲು ಬರುವವರು ಹೆಚ್ಚಾಗಿ ಬೆಳ್ಳಂದೂರು, ಮಾರತ್ತಹಳ್ಳಿ ಕಡೆಯ ಕಂಪ್ಯೂಟರ್ ಜನ. ಬುದ್ಧಿವಂತರು. ಅದೇ ತೊಂದರೆ. "ಲಗಾಮು ಹಗುರವಾಗಿ ಹಿಡೀರಿ" ಎಂದರೆ ಒಬ್ಬ ಹುಡುಗ ಕೇಳಿದ, "ಹಗುರ ಅಂದ್ರೆ ಎಷ್ಟು ಸಾರ್?"

"ಹಗುರ ಅಂದ್ರೆ ಹಗುರ ಕಣಪ್ಪಾ."

"ನಂಬರ್ ಹೇಳಿ ಸಾರ್."

ನಾನು ರೇಗಿ ನೂರು ಗ್ರಾಂ ಎಂದೆ. ಮುಂದಿನ ಭಾನುವಾರ ಅವನು ಸೂಟ್‌ಕೇಸ್ ತೂಗುವ, ಕೈಯಲ್ಲಿ ಹಿಡಿಯುವ ಪುಟ್ಟ ತಕ್ಕಡಿ ತಂದ. ಅದರ ಕೊಕ್ಕೆಯನ್ನು ಲಗಾಮಿಗೆ ಸಿಕ್ಕಿಸಿ ಜೀರಿಗೆಯ ಪಕ್ಕ ನೆಲದ ಮೇಲೇ ನಿಂತ. ಬೇಡ ಅನ್ನಬೇಕಿತ್ತು, ಆದರೆ ನನಗೂ ತಿಳಿಯುವ ಆಸೆ. ಮೊದಲು ಎಂಬತ್ತು ಗ್ರಾಂ ತೋರಿಸಿತು. ಆಮೇಲೆ ನೂರಾ ಹತ್ತು. "ಸಕ್ಕತ್ ಸಾರ್, ಸ್ಟೇಬಲ್ ಆಗಿದೆ" ಅಂದ. ಅಷ್ಟರಲ್ಲಿ ಒಂದು ನೊಣ ಅವಳ ಕಿವಿಯ ಮೇಲೆ ಕೂತಿತು. ಅವಳು ಒಮ್ಮೆ ತಲೆ ಕೊಡವಿದಳು. ಹುಡುಗ ಮೂರು ಹೆಜ್ಜೆ ಗಾಳಿಯಲ್ಲಿ ನಡೆದು ಮರಳಿನ ಮೇಲೆ ಬಿದ್ದ.

ಓಡಿ ಹೋಗಿ ಏನಾಯ್ತಪ್ಪಾ ಎಂದು ಕೇಳಿದೆ. ಬಿದ್ದಲ್ಲಿಂದಲೇ ತಕ್ಕಡಿ ನೋಡಿ ಹೇಳಿದ: "ಹದಿನೆಂಟು ಕೆಜಿ ಸಾರ್. ಇವಳನ್ನ ಫ್ಲೈಟಲ್ಲಿ ಬಿಡಲ್ಲ."

೨. ಮನೆಪಾಠ

ಕೈ ಮೆತ್ತಗಾಗಲು ಮನೆಯಲ್ಲೇ ಮಾಡುವ ಅಭ್ಯಾಸವೊಂದಿದೆ. ಒಬ್ಬರು ಕಣ್ಣು ಮುಚ್ಚಿ ಲಗಾಮಿನ ಒಂದು ತುದಿ ಹಿಡಿದು ಕುದುರೆಯಾಗಬೇಕು. ಇನ್ನೊಬ್ಬರು ಹಿಂದಿನಿಂದ, ಮಾತಾಡದೆ, ಬರೀ ಬೆರಳಿನಿಂದ ಎಡ, ಬಲ, ನಿಲ್ಲು ಹೇಳಬೇಕು. ಜೀರಿಗೆಯನ್ನು ಸವಾರಿ ಮಾಡುವ ಆಸೆಯಿದ್ದ ಒಬ್ಬ ಹೆಣ್ಣುಮಗಳಿಗೆ ಇದನ್ನು ಕೊಟ್ಟು ಕಳಿಸಿದೆ. ದೊಡ್ಡ ಟೀಮ್ ನಡೆಸುವವಳು, ಮಾತೆಲ್ಲ ಆರ್ಡರ್. ಕೈ ಸಹ ಹಾಗೇ.

ಹದಿನೈದು ದಿನ ಬಿಟ್ಟು ಬಂದಳು, ಕೈ ಎಷ್ಟು ಬದಲಾಗಿತ್ತೆಂದರೆ ಜೀರಿಗೆ ಎರಡು ಸುತ್ತು ತಲೆಯೆತ್ತದೆ ನಡೆದಳು. ನನಗೆ ಕಣ್ಣಲ್ಲಿ ನೀರು ಬಂತು. ಯಾರ ಜೊತೆ ಅಭ್ಯಾಸ ಮಾಡಿದಿರಿ ಎಂದೆ. ಬೇಲಿಯ ಆಚೆ ನಿಂತಿದ್ದ ಗಂಡನನ್ನು ತೋರಿಸಿದಳು. ದಿನಾ ರಾತ್ರಿ ಊಟವಾದ ಮೇಲೆ, ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ.

ಆತ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ, "ಸಾರ್, ಮದುವೆ ಆಗಿ ಆರು ವರ್ಷ. ಇವಳು ಕಿರುಚದೆ 'ನಿಲ್ಲು' ಅಂತ ಹೇಳಿದ್ದು ಇದೇ ಮೊದಲು. ಕುದುರೆ ಕಲಿತ್ರೂ ಕ್ಲಾಸ್ ನಿಲ್ಲಿಸ್ಬೇಡಿ."

೩. ಗೌಡರ ಕೈ

ಶಾಲೆಯ ಜಾಗ ಊರಿನ ಗೌಡರದು. ಪಕ್ಕದ ಅಪಾರ್ಟ್‌ಮೆಂಟಿನ ಜಾಗವೂ ಒಂದು ಕಾಲಕ್ಕೆ ಅವರು ಉಳುತ್ತಿದ್ದ ಹೊಲವೇ. ಅದಕ್ಕಾಗಿ ಅಲ್ಲಿ ಎರಡು ಫ್ಲಾಟು ಸಿಕ್ಕಿವೆ. ವಯಸ್ಸು ಎಪ್ಪತ್ತು ದಾಟಿದೆ. ದಿನಾ ಬಂದು ಬೇಲಿ ಪಕ್ಕದ ಕಲ್ಲಿನ ಮೇಲೆ ಕೂತು ನನ್ನ ಪಾಠ ನೋಡುವುದು ಅವರ ಕೆಲಸ, ನೋಡಿ ನಗುವುದು ಹವ್ಯಾಸ.

ಅಂದು ನಾನು ಹತ್ತಿ ಕೂತಿರಲಿಲ್ಲ. ಕಡಿವಾಣಕ್ಕೆ ಎರಡು ಉದ್ದ ಹಗ್ಗ ಕಟ್ಟಿ, ಜೀರಿಗೆಯ ಹಿಂದೆ ನಡೆಯುತ್ತ ಲಗಾಮಿನ ಪಾಠ ಮಾಡುತ್ತಿದ್ದೆ. ಪಾಠ ಎಂದರೆ, ಅವಳು ಎಳೆದ ಕಡೆ ನಾನು ಹೋಗುತ್ತಿದ್ದೆ. ಗೌಡರು ಎದ್ದು ಬಂದರು.

"ಮೇಷ್ಟ್ರೇ, ನಿಮ್ ಕೈ ಗೂಟ ನಿಂತಂಗೆ ನಿಂತ್ಕತದೆ. ಅದು ತಲೆ ಆಡಿಸ್ದಂಗೆ ಕೈನೂ ಜೊತೇಲಿ ಓಗ್ಬೇಕು. ಕೊಡಿ ಇಲ್ಲಿ."

ಮೂವತ್ತು ವರ್ಷದ ಅನುಭವ ನನ್ನದು, ಗೋಡೆಯ ಮೇಲೆ ಚೌಕಟ್ಟು ಹಾಕಿದ ಸರ್ಟಿಫಿಕೇಟ್ ಇದೆ. ಬೀಳಲಿ, ಬುದ್ಧಿ ಬರುತ್ತದೆ ಎಂದುಕೊಂಡು ಹಗ್ಗ ಕೊಟ್ಟೆ. ಗೌಡರು ಚಪ್ಪಲಿ ಬಿಟ್ಟರು, ಪಂಚೆ ಎತ್ತಿ ಕಟ್ಟಿದರು, ಬಾಯಲ್ಲಿ ಲೊಚಗುಟ್ಟಿದರು. ಜೀರಿಗೆ ಹೊರಟಳು. ಕುತ್ತಿಗೆ ಇಳಿಯಿತು, ಬಾಯಿ ಕಡಿವಾಣವನ್ನು ಮೆಲ್ಲಗೆ ಮೆಲುಕಾಡಿತು. ಹಗ್ಗ ಎರಡೂ ಕಡೆ ನೆಟ್ಟಗೆ, ಒಮ್ಮೆಯೂ ಸೆಟೆಯಲಿಲ್ಲ, ಜೋಲಲಿಲ್ಲ. ಮೈದಾನದ ಉದ್ದಕ್ಕೂ ನಡೆದು, ತಿರುಗಿ, ಬಂದ ಹೆಜ್ಜೆಯ ಪಕ್ಕದಲ್ಲೇ ವಾಪಸ್ ಬಂದರು. ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ, ಅದಕ್ಕಿಂತ ಹೆಚ್ಚು ಖುಷಿಯಾಯಿತು.

"ಹೇಗಿದೆ ಗೌಡ್ರೇ?" ಎಂದೆ.

"ಚೆಂದಾಗದೆ. ಆದ್ರೆ ಇದ್ರ ಜೊತೆ ಇನ್ನೊಂದೆಲ್ಲಿ? ಒಂಟೀಲಿ ಉಳಾದೆಂಗೆ?"

೪. ಪರೀಕ್ಷೆ

ಅಂದಿನಿಂದ ಜೀರಿಗೆ ದಿನದಿಂದ ದಿನಕ್ಕೆ ಪಳಗಿದಳು. ಬೆಳಿಗ್ಗೆ ನಾನು ಹತ್ತಿ ಕೂತರೂ ಬಾಯಿ ಮೆತ್ತಗಿರುತ್ತಿತ್ತು. ನನ್ನ ಕೈಗುಣ ಎಂದುಕೊಂಡು ಬೀಗುತ್ತಿದ್ದೆ.

ಎರಡು ತಿಂಗಳಾಯಿತು. ಪರೀಕ್ಷೆಯ ಮಧ್ಯಾಹ್ನ ಮೇಡಂ ಹತ್ತಿ ಕೂತರು. ಇವಳು ಈಗ ತಲೆ ಕೊಡವಿದರೆ ನಾಳೆ ಡೀಜೆ ಮುಂದೆ ನಿಲ್ಲಬೇಕು. ಜೀರಿಗೆ ಕೊಡವಲಿಲ್ಲ. ಲಗಾಮು ದಾರ ಕಟ್ಟಿದಷ್ಟು ನೇರ. ಮೇಡಂ ಮುಖದಲ್ಲಿ ನಗು ಕಾಣಿಸಿತು. ಮೈದಾನದ ಕೊನೆ ಬಂತು. ಹುಲ್ಲಿನ ಆಟೋ ಬಂದಿದ್ದರಿಂದ ಆ ತುದಿಯ ಗೇಟು ತೆರೆದಿತ್ತು. ಅಲ್ಲಿ ಎಡಕ್ಕೆ ತಿರುಗಬೇಕಾದ ಜೀರಿಗೆ ತಿರುಗಲಿಲ್ಲ. ಅದೇ ಹೆಜ್ಜೆಯಲ್ಲಿ ನೆಟ್ಟಗೆ ಗೇಟು ದಾಟಿ, ರಸ್ತೆ ದಾಟಿ ಅಪಾರ್ಟ್‌ಮೆಂಟಿನ ಕಡೆ ಹೊರಟಳು.

ನಾನು ಓಡಿದೆ. ಕಲ್ಲಿನ ಮೇಲಿದ್ದ ಗೌಡರು ಕೂಗಿದರು, "ಯಾಕ್ ಓಡ್ತೀರ? ಬದು ಸಿಕ್ಕಿದ್ ಮ್ಯಾಕೆ ಅದೇ ತಿರುಗ್ತದೆ."

"ಯಾವ ಬದು?"

"ನಮ್ ಒಲದ್ದು. ಈಜುಕೊಳದ್ ತಾವ ಗಂಟ ನಮ್ದೇ ಅಲ್ವಾ? ಅರ್ಧ ಸಾಲಿಗೇ ತಿರುಗ್ಸಾಕೆ ನಂಗೆ ಬರಾಕಿಲ್ಲ."

ಆಗ ಗೊತ್ತಾಯಿತು. ನಾನು ದಿನಾ ಮಧ್ಯಾಹ್ನ ಊಟ ಮಾಡಿ ಒಂದು ಗಂಟೆ ಅಡ್ಡಾಗುತ್ತೇನಲ್ಲ, ಆಗೆಲ್ಲ ಗೌಡರು ಜೀರಿಗೆಗೆ ಹಗ್ಗ ಕಟ್ಟಿ ತಮ್ಮ ಹಳೆಯ ಹೊಲದ ತುದಿಯವರೆಗೆ ನಡೆಸಿಕೊಂಡು ಹೋಗಿ ಬರುತ್ತಿದ್ದರು. ಕೈಗುಣ ಯಾರದೆಂದು ತಿಳಿದು ನನ್ನ ಜಂಬ ಅಲ್ಲೇ ಇಳಿಯಿತು.

ನಾನು ಏದುಸಿರು ಬಿಡುತ್ತ ಅಪಾರ್ಟ್‌ಮೆಂಟಿನ ಗೇಟು ಮುಟ್ಟಿದಾಗ ಮೇಡಂ ಕುದುರೆಯ ಮೇಲೆ ಕೂತೇ ಸೆಕ್ಯುರಿಟಿಯವನ ಜೊತೆ ಮಾತಾಡುತ್ತಿದ್ದರು. ಹಿಂದೆ ಡೆಲಿವರಿ ಬೈಕುಗಳ ಸಾಲು, ಹಾರ್ನ್ ಮೇಲೆ ಹಾರ್ನ್. ತಡೆಗಂಬ ಜೀರಿಗೆಯ ಮೂಗಿನ ಮುಂದೆಯೇ ಏಳುತ್ತಿತ್ತು, ಬೀಳುತ್ತಿತ್ತು. ಅವಳು ಅಲುಗಲಿಲ್ಲ. ಲಗಾಮು ಮೊದಲಿದ್ದಷ್ಟೇ ನೇರ.

"ಕ್ಷಮಿಸಿ ಮೇಡಂ, ಇವಳು ತಪ್ಪಿ ಬಂದ್ಬಿಟ್ಳು" ಎಂದೆ.

"ತಿರುಗಿಸಿದ್ರೆ ತಿರುಗ್ತಿದ್ಳು ಮೇಷ್ಟ್ರೇ. ಕೈಗೆ ಎಷ್ಟು ಹಿತವಾಗಿತ್ತು ಅಂದ್ರೆ ತಿರುಗಿಸೋ ಮನಸ್ಸಾಗ್ಲಿಲ್ಲ. ಈ ಗಲಾಟೇಲೂ ಹೀಗೆ ನಿಂತಿದಾಳೆ ನೋಡಿ. ಇವಳನ್ನ ಎಲ್ಲಿಗೂ ಕಳ್ಸಲ್ಲ."

ನಾನು ಜೀರಿಗೆಯ ಕುತ್ತಿಗೆ ತಬ್ಬಿಕೊಂಡು ಅತ್ತೇಬಿಟ್ಟೆ. ಸೆಕ್ಯುರಿಟಿಯವನಿಗೆ ಅದರಿಂದ ಏನೂ ಆಗಲಿಲ್ಲ. ಮೊಬೈಲ್ ನೋಡುತ್ತಲೇ ಇದ್ದ.

"ಅಣ್ಣ, ಕುದುರೇದು ತೊಂದ್ರೆ ಇಲ್ಲ. ಗೌಡ್ರು ಹೇಳಿ ಆಪ್‌ನಲ್ಲಿ ಡೈಲಿ ಎಂಟ್ರಿ ಹಾಕ್ಸಿದಾರೆ, ಹಾಲ್ನೋರ್ ಲಿಸ್ಟಲ್ಲಿದೆ. ಈ ಮೇಡಂದು ಯಾವ ಫ್ಲಾಟಿಂದಾನೂ ಅಪ್ರೂವಲ್ ಬಂದಿಲ್ಲ."

"ಬಿಡಪ್ಪಾ, ಒಂದೇ ಸುತ್ತು, ಈಜುಕೊಳದವರೆಗೆ ಹೋಗಿ ಬರ್ತೀವಿ" ಎಂದರು ಮೇಡಂ.

ಅವನು ತಲೆ ಕೆರೆದುಕೊಂಡು, ತಡೆಗಂಬ ಎತ್ತಿ, ಜೀರಿಗೆಗೆ ಒಂದು ಸಲ್ಯೂಟ್ ಹೊಡೆದ.

"ಅವರು ಹೋಗಿ ಬರ್ಲಿ ಮೇಡಂ. ನೀವು ಇಲ್ಲೇ ಇಳ್ಕೊಳಿ."